ನೆರೆ ಬಂದ ಊರಿಗೆ ಊಟ ಕಳಿಸಬೇಕಾ, ದುಡ್ಡು ಕಳಿಸಬೇಕಾ?

ನೀವು ಕೇಳಿದ್ದು ಇದು: ನೆರೆ ಬಂದ ಊರುಗಳಿಗೆ ಜನ ಅಡುಗೆ ಮಾಡಿ ಗಾಡಿಗಟ್ಟಲೆ ಕಳಿಸುತ್ತಾರಲ್ಲ, ಅದರಿಂದ ನಿಜವಾಗಿ ಉಪಯೋಗ ಇದೆಯಾ, ದುಡ್ಡು ಕೊಟ್ಟರೆ ಸಾಲದಾ? ನಿಮ್ಮ ಅಪಾರ್ಟ್‌ಮೆಂಟಿನವರು ಬೆಂಗಳೂರಿನಿಂದ ಚಪಾತಿ ಮಾಡಿ ಕಳಿಸುವ ಯೋಚನೆಯಲ್ಲಿದ್ದಾರೆ ಅಂತಲೂ ಬರೆದಿದ್ದೀರಿ.

ನಾನು ಹುಬ್ಬಳ್ಳಿಯವನು. ಮದುವೆ, ಕುಬಸ, ವಾಸ್ತುಶಾಂತಿಗಳ ಅಡುಗೆ ಕಾಂಟ್ರ್ಯಾಕ್ಟ್ ನಮ್ಮ ಕಸುಬು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಾತ್ರೆ, ಒಲೆ, ಹುಡುಗರನ್ನು ಗಾಡಿಗೆ ಹಾಕಿಕೊಂಡು ನರಗುಂದ ತಾಲ್ಲೂಕಿನ ಕಡೆ ಹೋಗಿದ್ದೆ. ನನ್ನ ಉತ್ತರ ಇಷ್ಟು: ಮೊದಲ ಎರಡು ದಿನ ಮಾಡಿದ ಊಟ ಕಳಿಸಿ. ಆಮೇಲೆ ಸಾಮಾನು ಕಳಿಸಿ, ಸೌಟು ಅಲ್ಲಿಯವರ ಕೈಗೇ ಕೊಡಿ.

ಮೊದಲ ಎರಡು ದಿನ ದುಡ್ಡಿಗೆ ಬೆಲೆಯೇ ಇರುವುದಿಲ್ಲ. ಆಗ ಮೇಲಿನಿಂದ ನವಿಲುತೀರ್ಥ ಡ್ಯಾಮಿನ ನೀರು, ಈ ಕಡೆ ಬೆಣ್ಣಿಹಳ್ಳ. ಕೊಣ್ಣೂರಿನೊಳಗೆ ನೀರು ನುಗ್ಗಿತ್ತು. ಕಿರಾಣಿ ಅಂಗಡಿಯವನೂ ನಿಮ್ಮ ಜೊತೆಗೇ ಉಟ್ಟ ಬಟ್ಟೆಯಲ್ಲಿ ಓಡಿಬಂದಿರುವಾಗ ಜೇಬಿನ ನೋಟು ತಗೊಂಡು ಏನು ಮಾಡ್ತೀರಿ? ಕಟ್ಟಿಗೆ ಒದ್ದೆ, ಗ್ಯಾಸ್ ಸಿಲಿಂಡರ್ ನೀರಿನಲ್ಲಿ, ಕುಡಿಯುವ ನೀರೂ ಹೊರಗಿನಿಂದ ಬರಬೇಕು. ಆ ಹೊತ್ತಿಗೆ ಬೇಕಾಗಿದ್ದು ಬಿಚ್ಚಿದ ಕೂಡಲೇ ತಿನ್ನುವಂಥದ್ದು.

ಅಲ್ಲಿ ಕಡಕ್ ರೊಟ್ಟಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ನಮ್ಮವರು ಅಂತ ಹೊಗಳ್ತಿಲ್ಲ, ಅಡುಗೆಯವನಾಗಿ ಹೇಳ್ತಿದ್ದೀನಿ. ಎಲ್ಲೆಲ್ಲಿಂದಲೋ ಬಂದ ಚಿತ್ರಾನ್ನ, ಪಲಾವ್ ಬಿಸಿಬಿಸಿ ಇದ್ದಾಗಲೇ ಕಟ್ಟಿದ್ದರಿಂದ ಮಧ್ಯಾಹ್ನಕ್ಕೆಲ್ಲ ಹಳಸಿದ ವಾಸನೆ ಹೊಡೀತಿತ್ತು. ತೆಂಗಿನಕಾಯಿ ಹಾಕಿದ್ದಂತೂ ಇನ್ನೂ ಬೇಗ ಕೆಡುತ್ತದೆ. ಹಳಸಿದ್ದು ತಿಂದು ಹೊಟ್ಟೆ ಕೆಟ್ಟರೆ ಆ ಪರಿಸ್ಥಿತಿಯಲ್ಲಿ ಶೌಚಾಲಯ ಎಲ್ಲಿ ಹುಡುಕಬೇಕು? ಕಡಕ್ ರೊಟ್ಟಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಅಂತೀವಿ), ಗುರೆಳ್ಳು ಚಟ್ನಿಯೂ ಹಾಗೆಯೇ. ಜೊತೆಗೊಂದು ಈರುಳ್ಳಿ ಇದ್ದರೆ ಊಟ ಆಯ್ತು.

ಆದರೆ ಕಟ್ಟುವುದು ಗೊತ್ತಿರಬೇಕು. ಆರದ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಒಳಗೇ ಬೆವರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಗೋಣಿಚೀಲದಲ್ಲಿ ಹಾಕಿ ಗಾಡಿಯ ಮೇಲೆ ಎಸೆದರೆ ಮುಟ್ಟುವಷ್ಟರಲ್ಲಿ ಪುಡಿಪುಡಿ. ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಬೇಕು. ಹಲ್ಲಿಲ್ಲದ ಮುದುಕರು, ಸಣ್ಣ ಮಕ್ಕಳು ಇರುತ್ತಾರೆ, ಅವರಿಗೆ ನೆನೆಸಿ ಕೊಡಲು ಹಾಲಿನ ಪುಡಿ ಇಡಿ. ನಿಮ್ಮ ಚಪಾತಿ ಬೆಂಗಳೂರಿನಿಂದ ಅಲ್ಲಿಗೆ ಮುಟ್ಟಿ, ಹಂಚಿಕೆ ಆಗುವಷ್ಟರಲ್ಲಿ ಯಾವ ಗತಿಗೆ ಬಂದಿರುತ್ತದೋ ನೀವೇ ಯೋಚನೆ ಮಾಡಿ. ನಾನಾದರೆ ಕಳಿಸುವುದಿಲ್ಲ. ಆ ದುಡ್ಡನ್ನು ಹುಬ್ಬಳ್ಳಿ-ಧಾರವಾಡದಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಆರ್ಡರ್ ಕೊಡ್ತೀನಿ. ಇಲ್ಲಿ ಓಣಿಗೊಂದು ರೊಟ್ಟಿ ಕೇಂದ್ರ ಇದೆ.

ತಿನ್ನುವವರ ಅಭ್ಯಾಸವನ್ನೂ ನೋಡಬೇಕು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಕಡೆಯಿಂದ ಸಾವಿರಗಟ್ಟಲೆ ಜೋಳದ ರೊಟ್ಟಿ ಹೋದವು. ಪ್ರೀತಿಯಿಂದ ಕಳಿಸಿದ್ದು, ಅದನ್ನು ಬೇಡ ಅನ್ನೋಕೆ ಆಗಲ್ಲ. ಆದರೆ ಅವರದು ಅಕ್ಕಿ ಉಣ್ಣುವ ನಾಡು.

ಇನ್ನು ಮೂರನೇ ದಿನದ ಮಾತು. ಕಾಳಜಿ ಕೇಂದ್ರ (ಹಳಬರು ಇನ್ನೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ) ಸಾಮಾನ್ಯವಾಗಿ ಸರ್ಕಾರಿ ಶಾಲೆಯಲ್ಲಿ ಇರುತ್ತದೆ. ನಾವು ಹೋದ ಕಡೆ ಹೆಂಗಸರು ವರಾಂಡದಲ್ಲಿ ಗೋಡೆಗೆ ಒರಗಿ ಸುಮ್ನೆ ಕೂತಿದ್ದರು. ಗಂಡಸರು ತಾಟು ಹಿಡಿದು ಪಾಳಿ ಹಚ್ಚಲು ನಾಚುತ್ತಿದ್ದರು. ಸುಗ್ಗಿಯಲ್ಲಿ ಹತ್ತು ಆಳಿಗೆ ಊಟ ಹಾಕುವ ರೈತರು ಅವರು. ಕೆಲವರು ಮಕ್ಕಳನ್ನು ಮುಂದೆ ಕಳಿಸಿ ತಾವು ಹಿಂದೆ ಉಳಿಯುತ್ತಿದ್ದರು.

ಅನ್ನ-ಸಾರು ಸಾಕಾಗಿ ಜನ ರೊಟ್ಟಿ ಕೇಳಿದರು ಅಂತ ಹಿಟ್ಟು ತರಿಸಿದೆವು. ನಮ್ಮ ಹುಡುಗ ಮದುವೆ ಅಡುಗೆಯಲ್ಲಿ ಜಿಲೇಬಿ ಬಿಡುವುದರಲ್ಲಿ ಎತ್ತಿದ ಕೈ, ರೊಟ್ಟಿ ಮಾತ್ರ ಬಾರದು. ತಣ್ಣೀರಲ್ಲೇ ಹಿಟ್ಟು ಕಲಸಲು ಹೊರಟ. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ನೋಡಿ ನೋಡಿ ತಡೆಯಲಾರದೆ ಎದ್ದು ಬಂದಳು. "ಏ ತಮ್ಮಾ, ಎಸರು ಕಾಸದ ರೊಟ್ಟಿ ಹೆಂಗ ಬರ್ತಾವೋ? ಸರಿ ಅತ್ತಾಗ" ಅಂದು ಪರಾತ ಎಳಕೊಂಡಳು. ಕುದಿ ನೀರು ಹಾಕಿ ನಾದಿ, ಬಡಿಯಲು ಶುರು ಮಾಡಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಇನ್ನಿಬ್ಬರು ಬಂದರು. ಸ್ವಲ್ಪ ಹೊತ್ತಿಗೆ ನಮಗೆ ಒಲೆ ಹತ್ತಿರ ಜಾಗವೇ ಇರಲಿಲ್ಲ, ನಾವು ನೀರು ಹೊರುವವರಾದೆವು.

ಅಲ್ಲಿಂದ ಮಾತು ಶುರುವಾಯಿತು. ಯಾರ ಮನೆ ಗೋಡೆ ಬಿತ್ತು, ಯಾರ ಎಮ್ಮೆ ಸಿಗಲಿಲ್ಲ, ಎಲ್ಲ ಒಲೆ ಮುಂದೆಯೇ. ಮಧ್ಯಾಹ್ನ ಬಡಿಸುವಾಗ ಒಬ್ಬಾಕೆ "ತುದಿಮನಿ ಮುದುಕ ಉಣ್ಣಾಕ ಬಂದಿಲ್ಲಲ್ಲ" ಅಂದಳು. ಹೋಗಿ ನೋಡಿದರೆ ಆತ ಹಿಂದಿನ ಕೋಣೆಯಲ್ಲಿ ಜ್ವರದಲ್ಲಿ ಮಲಗಿದ್ದ. ನಮ್ಮ ಕೈಯಲ್ಲಿದ್ದ ಹೆಸರಿನ ಪಟ್ಟಿಯಿಂದ ಅದು ಗೊತ್ತಾಗುತ್ತಿರಲಿಲ್ಲ. ಅಡುಗೆಯನ್ನು ಊರಿನವರ ಕೈಗೆ ಬಿಡಿ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇದಕ್ಕೆ ತರಬೇತಿ ಗಿರಬೇತಿ ಏನೂ ಬೇಕಿಲ್ಲ. ನಮ್ಮ ಕಡೆ ಯಾವ ಹಳ್ಳಿಗೆ ಹೋದರೂ ಸಾವಿರ ಜನರ ಅಡುಗೆಯ ಅಂದಾಜು ಗೊತ್ತಿರುವವರು ನಾಲ್ಕು ಮಂದಿ ಸಿಗುತ್ತಾರೆ. ಜಾತ್ರೆ ಅವರಿಗೆ ಅದನ್ನು ಕಲಿಸಿರುತ್ತದೆ. ಮಠದಲ್ಲೋ ಗುಡಿಯಲ್ಲೋ ದೊಡ್ಡ ಹಂಡೆ, ಕೊಪ್ಪರಿಗೆ ಇರುತ್ತವೆ. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಒಲೆ, ಪಾತ್ರೆ ಇರುತ್ತವೆ, ಅಡುಗೆಯವರೂ ಊರಿನವರೇ. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಅಂತಲೇ ಹೆಸರು. ರೊಟ್ಟಿ, ಕರಿಂಡಿ ಹಾಕಿಸಿಕೊಂಡು ಎಲ್ಲ ಜಾತಿ-ಧರ್ಮದವರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಈ ರೂಢಿ ಇರುವ ಕಡೆ ಕೇಂದ್ರದಲ್ಲೂ ಪಂಕ್ತಿ ಸಲೀಸು. ಎಲ್ಲ ಕಡೆ ಹಾಗಿಲ್ಲ, ಯಾರು ಮಾಡಿದ್ದು ಅಂತ ಕೇಳುವವರು ಇನ್ನೂ ಇದ್ದಾರೆ. ಬೇರೆ ಬೇರೆ ಓಣಿಯ ಹೆಂಗಸರು ಒಂದೇ ಒಲೆಗೆ ಕೂತರೆ ಆ ಪ್ರಶ್ನೆ ಕೇಳುವವರ ದನಿ ಸ್ವಲ್ಪ ಸಣ್ಣದಾಗುತ್ತದೆ, ಅಷ್ಟೇ.

ಹೌದು, ಒಲೆ ಊರಿನವರಿಗೆ ಬಿಟ್ಟರೆ ಸಾಮಾನು ಹೊಡ್ಕೊಳ್ತಾರೆ ಅಂತ ಹೆದರಿಸುವವರು ಸಿಗುತ್ತಾರೆ. ಎರಡು ಕಿಲೋ ಬೇಳೆ ಆ ಕಡೆ ಈ ಕಡೆ ಆದರೂ ನನಗೆ ಅಭ್ಯಂತರ ಇಲ್ಲ. ಮದುವೆ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತೆ.

ಕಳಿಸುವ ಮೊದಲು ಅಲ್ಲಿಯ ಪಂಚಾಯ್ತಿಗೋ ಶಾಲೆಯ ಮೇಷ್ಟ್ರಿಗೋ ಒಂದು ಫೋನ್ ಹಚ್ಚಿ. ಸಾಮಾನ್ಯವಾಗಿ ಬೇಕಾಗುವುದು ಜೋಳದ ಹಿಟ್ಟು, ಅಕ್ಕಿ, ತೊಗರಿಬೇಳೆ, ಖಾರಪುಡಿ, ಉಪ್ಪು, ಎಣ್ಣೆ, ಚಹಾಪುಡಿ, ಸಕ್ಕರೆ. ಹಿಟ್ಟು ಹೊಸದಾಗಿ ಬೀಸಿದ್ದೇ ಇರಲಿ, ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ದನಕ್ಕೆ ಮೇವು ಬೇಕಾ ಅಂತಲೂ ಕೇಳಿ. ಎಷ್ಟೋ ಜನ ತಮ್ಮ ಊಟಕ್ಕಿಂತ ಮೊದಲು ಅದನ್ನೇ ವಿಚಾರಿಸುತ್ತಿದ್ದರು. ಗಾಡಿಯಲ್ಲಿ ಜಾಗ ಉಳಿದರೆ ರೊಟ್ಟಿ ಬೇಯಿಸುವ ನಾಲ್ಕು ಹಂಚು, ಎರಡು ಪರಾತ ಹಾಕಿ. ಅಕ್ಕಿ ಎಲ್ಲರೂ ಕಳಿಸುತ್ತಾರೆ, ಹಂಚು ಮಾತ್ರ ಯಾರಿಗೂ ನೆನಪಾಗುವುದಿಲ್ಲ.