ಹುಟ್ಟಿದ ಸ್ಥಳ ಎಂಬಲ್ಲಿ ನಾನು ಬರೆಸಿದ್ದು

ಓದಲು ಮೈಸೂರಿಗೆ ಬಂದ ನಿಮ್ಮ ಸುಡಾನಿನ ಗೆಳೆಯ 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಇಲ್ಲೇ ಉಳಿದರು, ಈಗ ಮಗುವೂ ಆಗಿದೆ, ಇನ್ನು ಇಲ್ಲಿಯವರಾಗಬೇಕೋ ಅಲ್ಲಿಯವರಾಗಿಯೇ ಇರಬೇಕೋ ಎಂದು ಕೇಳಿದ್ದೀರಿ. ಮಗು ಎಂಬ ಮಾತು ಓದಿದ್ದೇ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಟಿಬೆಟಿನವನು. 1959ರಲ್ಲಿ ನಮ್ಮ ರಾಜಧಾನಿ ಲಾಸಾದಲ್ಲಿ ಚೀನಾ ಸೇನೆಯ ಗುಂಡು ಹಾರಿದಾಗ ನನಗೆ ಏಳು ವರ್ಷ. ಹಿಮ ದಾಟಿ ಅಸ್ಸಾಮಿನ ಮಿಸ್ಸಮಾರಿಯ ಬಿದಿರಿನ ಗುಡಿಸಲು ಸೇರಿದೆವು. ಅಲ್ಲಿನ ಸೆಕೆಯಲ್ಲಿ ತಂಗಿ ಭೇದಿ ಹಿಡಿದು ತೀರಿಕೊಂಡಳು. ಆಮೇಲೆ ಬೈಲಕುಪ್ಪೆ. ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡನ್ನು ನಮ್ಮ ಹಿರಿಯರು ಕಡಿದು ಮುಸುಕಿನ ಜೋಳ ಬಿತ್ತಿದರು, ರಾತ್ರಿ ಆನೆ ಬಂದರೆ ತಗಡು ಬಡಿದರು. ಇದು ತಂಗುವ ಜಾಗ ಅಷ್ಟೇ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಾನು ಅದನ್ನೇ ನಂಬಿಕೊಂಡು ಬೆಳೆದೆ.

ಮಗಳು ಹುಟ್ಟಿದ್ದು 1984ರ ಮಳೆಗಾಲದಲ್ಲಿ, ಕ್ಯಾಂಪಿನ ನಮ್ಮ ಮನೆಯಲ್ಲೇ. ಕುಶಾಲನಗರಕ್ಕೆ ಹೋಗಲು ಜೀಪು ಸಿಗದೆ ಪಕ್ಕದ ಹಳ್ಳಿಯ ಸೂಲಗಿತ್ತಿ ಅಜ್ಜಿ ಬಂದು ಹೆರಿಗೆ ಮಾಡಿಸಿದರು. ‘ಮಗು ಹುಟ್ಟಿದ್ದು ಬರೆಸಪ್ಪ’ ಎಂದು ಆಕೆಯೇ ಎರಡು ಸಲ ಹೇಳಿದರು. ನಾನು ಬರೆಸಲಿಲ್ಲ. ಮರೆವಲ್ಲ, ಸೋಮಾರಿತನವಲ್ಲ, ಬೇಕೆಂದೇ. ವಾಪಸ್ ಹೋಗುವವರಿಗೆ ಈ ದೇಶದ ಕಾಗದ ಯಾಕೆ ಎಂಬ ಹಟ. ಅಷ್ಟಕ್ಕೇ ನಿಂತಿದ್ದರೂ ಚೆನ್ನಾಗಿತ್ತು. ಅವಳಿಗೆ ಹದಿನಾರು ತುಂಬಿದಾಗ ವಿದೇಶಿಯರ ನೋಂದಣಿ ಪತ್ರ, ನಾವು ಆರ್‌ಸಿ ಅನ್ನುತ್ತೇವೆ, ಮಾಡಿಸಲು ಹೋದೆವು. ಹುಟ್ಟಿದ ಸ್ಥಳ ಕೇಳಿದರು. ಮಗಳು ‘ಬೈಲಕುಪ್ಪೆ’ ಅಂದಳು. ನಾನು ಅವಳ ಕೈ ಹಿಡಿದು ತಡೆದು ‘ಟಿಬೆಟ್ ಅಂತ ಬರೀರಿ ಸಾರ್’ ಅಂದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಹಾಗೆ ಬರೆಸಿದರೆ ದೇಶ ನಮ್ಮ ಕೈಲೇ ಉಳಿಯುತ್ತದೆ ಅನ್ನಿಸಿತ್ತು.

1950ರ ಜನವರಿ 26ರಂದು ಅಥವಾ ಆಮೇಲೆ, 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕಾನೂನಿದೆ. ಅದು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದವು. ಮಗಳು ಆಗ ನರ್ಸ್. ಹೊರದೇಶದಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟ್ ಬೇಕಿತ್ತು. ಕಾಗದದಲ್ಲಿ ನೋಡಿದರೆ ಅವಳು ಟಿಬೆಟಿನಲ್ಲಿ ಹುಟ್ಟಿದವಳು. ಟಿಬೆಟನ್ನು ಅವಳು ಕಣ್ಣಿಂದ ಕಂಡೇ ಇಲ್ಲ. ವರ್ಷ ಮೀರಿದ ಜನನ ನೋಂದಣಿಗೆ ಆಗ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಪಿರಿಯಾಪಟ್ಟಣದ ಕೋರ್ಟಿಗೆ ಅಲೆದೆವು. ಸಾಕ್ಷಿ ಹೇಳಲು ಆ ಅಜ್ಜಿ ಬದುಕಿರಲಿಲ್ಲ. ಶಾಲೆಯ ದಾಖಲೆ ಹಿಡಿದು ಆದೇಶ ಬರುವಷ್ಟರಲ್ಲಿ ಎರಡು ವರ್ಷ ಕಳೆದು ಕೆಲಸ ಬೇರೆಯವರ ಪಾಲಾಗಿತ್ತು. ಅವಳು ನನ್ನನ್ನು ಬೈಯಲಿಲ್ಲ. ‘ಬೈಲಕುಪ್ಪೆ ಅಂತ ನಾನು ಅವತ್ತೇ ಹೇಳಿದ್ದೆನಲ್ಲ ಪಾ-ಲಾ’ ಅಂದಳು. ಪಾ-ಲಾ ಅಂದರೆ ಅಪ್ಪ.

ಇಲ್ಲಿಯೋ ಅಲ್ಲಿಯೋ ಎಂದು ಕೂತು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ನಾನು ಲೆಕ್ಕ ಹಾಕುವುದು ಕನ್ನಡದಲ್ಲೇ. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಅದರಿಂದ ಲಾಸಾ ಒಂದು ಗೇಣೂ ದೂರವಾಗಿಲ್ಲ. ನಿಮ್ಮ ಗೆಳೆಯ ವಾಪಸ್ ಹೋಗುವ ಆಸೆಯನ್ನು ಎದೆಯಲ್ಲಿಟ್ಟುಕೊಳ್ಳಲಿ, ಮಗುವಿನ ಜೊತೆ ಅರಬ್ಬಿಯಲ್ಲೇ ಮಾತಾಡಲಿ. ಮಗುವಿನ ಕಾಗದದ ಮೇಲೆ ಮಾತ್ರ ಆ ಆಸೆಯನ್ನು ಬರೆಸದಿರಲಿ. ಈಗಿನ ಕಾನೂನಿನಲ್ಲಿ ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ, ಆ ಭರವಸೆ ಕೊಡಬೇಡಿ. ಆದರೂ ಜನನ ಪ್ರಮಾಣಪತ್ರ ಬೇಕೇ ಬೇಕು. ನಾಳೆ ಅವರದೇ ದೇಶದ ಪಾಸ್‌ಪೋರ್ಟ್ ಮಾಡಿಸಲೂ ಮೊದಲು ಕೇಳುವುದು ಅದನ್ನೇ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಅವರೇ ನೋಂದಾಯಿಸುತ್ತಾರೆ, ತಂದೆತಾಯಿಯ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇವೆಯೇ ಎಂದು ನೀವು ಜೊತೆಗೆ ಹೋಗಿ ನೋಡಿ. 21 ದಿನದೊಳಗಾದರೆ ಶುಲ್ಕವೂ ಇಲ್ಲ.

ಮಗುವಿಗೆ ಈಗ ಎಷ್ಟು ದಿನವಾಯಿತು, ತಿಳಿಸಿ.