ಉತ್ತರ ಕನ್ನಡ ಕ್ಷೇತ್ರ: ನೆಲ ಮತ್ತು ಜನ

ಪ್ರಶ್ನೆ: ಉತ್ತರ ಕನ್ನಡ ಲೋಕಸಭಾ ಕ್ಷೇತ್ರವೆಂದರೆ ಉತ್ತರ ಕನ್ನಡ ಜಿಲ್ಲೆಯೇ? ಅಲ್ಲಿನ ಭೂಗೋಳ ಮತ್ತು ಜನಸಂಖ್ಯೆಯ ಸ್ವರೂಪವನ್ನು ತಿಳಿಸುವಿರಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಒಂದೇ ಅಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮೊದಲು ಕೆನರಾ ಎನಿಸಿಕೊಂಡಿದ್ದ ಈ ಕ್ಷೇತ್ರದಲ್ಲಿ ಜಿಲ್ಲೆಯ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ವಿಧಾನಸಭಾ ಕ್ಷೇತ್ರಗಳೂ ಸೇರಿವೆ. ಹೀಗಾಗಿ ಕರಾವಳಿಯ ಮೀನುಗಾರರು, ಘಟ್ಟದ ಮೇಲಿನ ಅಡಿಕೆ ಬೆಳೆಗಾರರು ಮತ್ತು ಮಲಪ್ರಭೆ ಹರಿಯುವ ಸೀಮೆಯ ಒಕ್ಕಲು ಮಕ್ಕಳು ಒಬ್ಬನೇ ಸಂಸದನನ್ನು ಆರಿಸುತ್ತಾರೆ.

2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ವಿಸ್ತೀರ್ಣ ಸುಮಾರು 10,291 ಚದರ ಕಿಲೋಮೀಟರ್. ಅಂದರೆ ಚದರ ಕಿಲೋಮೀಟರಿಗೆ 140 ಮಂದಿ. ಆದರೆ ಈ ಸರಾಸರಿಯನ್ನು ನಂಬಿ ಕೂರುವಂತಿಲ್ಲ: ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮನೆಗೆ ಮನೆ ತಾಗಿಕೊಂಡಿದ್ದರೆ, ಕಾಡು ಕವಿದ ಜೋಯಿಡಾದಲ್ಲಿ ವಸತಿ ತೀರಾ ವಿರಳ. ಹಳೆಯ ಸೂಪಾ ಊರು ಕಾಳಿ ನದಿಯ ಜಲಾಶಯದಲ್ಲಿ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರವೇ ಜೋಯಿಡಾಕ್ಕೆ ಬಂತು.

ಹಾಲಕ್ಕಿ ಒಕ್ಕಲಿಗರು, ಕುಣಬಿಗಳು, ಗೌಳಿಗಳು, ಆಫ್ರಿಕಾ ಮೂಲದ ಸಿದ್ದಿಗಳು ಇಲ್ಲಿನ ಜನಜೀವನಕ್ಕೆ ವಿಶಿಷ್ಟ ಬಣ್ಣ ತಂದವರು. ಕನ್ನಡದೊಂದಿಗೆ ಕೊಂಕಣಿ, ಭಟ್ಕಳದ ನವಾಯತಿ, ಖಾನಾಪುರದ ಮರಾಠಿಯೂ ಕೇಳಿಸುತ್ತವೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವ ರೈತರನ್ನು ಕಂಡರೆ, ಈ ನೆಲವನ್ನು ಅಂಕಿಗಳಿಗಿಂತ ಹತ್ತಿರದಿಂದ ಅರಿಯಬಹುದು.