ಸಪೋಟಾ ತಿನ್ನುವ ಬಾವಲಿ ಶತ್ರು, ಗೋಂಕರು ಕಪ್ಪೆ ಮಿತ್ರ: ಹೌದೇ?

ಪ್ರಶ್ನೆ: ನಮ್ಮ ಸಪೋಟಾ ಮರಕ್ಕೆ ರಾತ್ರಿ ದೊಡ್ಡ ಬಾವಲಿಗಳು ದಾಳಿಯಿಡುತ್ತವೆ. ಮಳೆ ಬಿದ್ದೊಡನೆ ಗದ್ದೆಯಲ್ಲಿ ಹಳದಿ ಗೋಂಕರು ಕಪ್ಪೆಗಳು ಕೂಗುತ್ತವೆ. ಕಪ್ಪೆ ರೈತನ ಮಿತ್ರ, ಬಾವಲಿ ಶತ್ರು ಎನ್ನುತ್ತಾರೆ. ಹೋಲಿಸಿ ಹೇಳುವಿರಾ? ಬಾವಲಿಯನ್ನು ಕೊಂದರೆ ನಷ್ಟವೇನು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಎರಡರ ನಡುವಿನ ದೊಡ್ಡ ಅಂತರ ಇರುವುದು ಅಲ್ಲಿ. ಗೋಂಕರು ಕಪ್ಪೆ ಒಂದೇ ಮಳೆಗಾಲದಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗೊದಮೊಟ್ಟೆಗಳು ಒಂದನ್ನೊಂದು ತಿಂದು, ಹಕ್ಕಿ ಹಾವುಗಳ ಬಾಯಿಗೂ ಬಿದ್ದು ಉಳಿಯುವುದು ಕೆಲವೇ. ಅಷ್ಟಾದರೂ ಒಳ್ಳೆಯ ಮಳೆ ಬಂದರೆ ಸಂಖ್ಯೆ ಮತ್ತೆ ಏರುತ್ತದೆ. ದೊಡ್ಡ ಬಾವಲಿಯ ಸಂಸಾರವೇ ಬೇರೆ. ಐದು ತಿಂಗಳ ಬಸಿರು, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ತಾಯಿ ಅದನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ಒಂದು ಹೆಣ್ಣನ್ನು ಕೊಂದರೆ ಆ ಕೊರತೆ ತುಂಬಲು ವರ್ಷಗಳೇ ಬೇಕು.

ಬಾವಲಿಯ ಊಟ ನೋಡಬೇಕೆಂದರೆ ಬೆಳಿಗ್ಗೆ ಮರದಡಿ ಹೋಗಿ. ರಸ ಹೀರಿ ಉಗಿದ ನಾರಿನ ಚಪ್ಪಟೆ ಉಂಡೆಗಳು ಬಿದ್ದಿರುತ್ತವೆ. ಆಲ, ಅತ್ತಿಯಂಥ ಹಣ್ಣುಗಳ ಸಣ್ಣ ಬೀಜಗಳನ್ನು ನುಂಗಿ, ಹಾರುತ್ತಾ ದೂರದಲ್ಲಿ ಉದುರಿಸುತ್ತದೆ. ಕಾಡಿಗೆ ಬೀಜ ಬಿತ್ತುವ ಈ ಪ್ರಾಣಿಯನ್ನು 1972ರ ವನ್ಯಜೀವಿ ಕಾಯ್ದೆ ಇಲಿ, ಕಾಗೆಗಳ ಸಾಲಿನಲ್ಲಿ ಉಪದ್ರವಿಯೆಂದು ಸೇರಿಸಿದ್ದು ನನಗಂತೂ ಸರಿ ಕಂಡಿರಲಿಲ್ಲ; 2022ರ ತಿದ್ದುಪಡಿ ಆ ಉಪದ್ರವಿಗಳ ಪಟ್ಟಿಯನ್ನೇ ತೆಗೆದುಹಾಕಿತು.

ಗೋಂಕರು ಕಪ್ಪೆ ಕೀಟಗಳನ್ನು ತಿನ್ನುತ್ತದೆ ನಿಜ. ಬಾಯಿಗೆ ಹಿಡಿಸಿದರೆ ಏಡಿ, ಇಲಿಮರಿ, ಸಣ್ಣ ಕಪ್ಪೆಯನ್ನೂ ಬಿಡುವುದಿಲ್ಲ. ಅಷ್ಟು ಸಾಧು ಏನಲ್ಲ! ನೀವು ಕಂಡ ಹಳದಿ ಬಣ್ಣ ಗಂಡಿನದು, ಕೂಗುವಾಗ ಗಂಟಲ ಬದಿಯಲ್ಲಿ ನೀಲಿ ಚೀಲಗಳು ಉಬ್ಬುತ್ತವೆ. ಈ ಸಿಂಗಾರ ಕೆಲವು ದಿನದ್ದು. ಕಪ್ಪೆಕಾಲು ರಫ್ತಿಗಾಗಿ ಇವನ್ನು ಹಿಡಿದು ಹಿಡಿದು, ಕೊನೆಗೆ ಭಾರತ 1987ರಲ್ಲಿ ಆ ವ್ಯಾಪಾರವನ್ನೇ ನಿಷೇಧಿಸಿತು. ಈಗಿನ ಅಪಾಯ ಕೀಟನಾಶಕ: ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರಿಗೆ ಸೇರಿದ ವಿಷ ನೇರ ಒಳಕ್ಕೆ ಇಳಿಯುತ್ತದೆ.

ಸಪೋಟಾ ಉಳಿಸಿಕೊಳ್ಳಲು ಬಲಿತ ಕಾಯಿಗಳನ್ನು ಕಿತ್ತು ಮನೆಯಲ್ಲೇ ಹಣ್ಣು ಮಾಡಿ. ಬಲೆ ಹಾಕುವುದಾದರೆ ಕಣ್ಣು ಸಣ್ಣದಿರಲಿ, ಬಿಗಿಯಾಗಿ ಕಟ್ಟಿ. ಜೋಲುವ ನೈಲಾನ್ ಬಲೆಯಲ್ಲಿ ರೆಕ್ಕೆ ಸಿಕ್ಕಿ ಬಾವಲಿ ಸಾಯುತ್ತದೆ. ಬಾವಲಿ ಕಚ್ಚಿದ ಹಣ್ಣನ್ನು ಮಾತ್ರ ತಿನ್ನಬೇಡಿ, ಮಕ್ಕಳಿಗೂ ಹೇಳಿ: ನಿಪಾ ವೈರಸ್ ಇರುವುದು ಈ ಜಾತಿಯಲ್ಲೇ. ಗದ್ದೆಯ ಹೊಂಡದಲ್ಲಿ ಗೊದಮೊಟ್ಟೆ ಕಂಡರೆ ಆ ಬದಿಗೆ ಕೆಲವು ವಾರ ಔಷಧಿ ಹೊಡೆಯಬೇಡಿ.